ಅಣ್ಣನ ಐದನೇ ತಂತಿ

ಜನವರಿ 9, ಭಾನುವಾರ

ತಾಲೀಮಿನ ನಡುವೆ ಅಣ್ಣ ಟೀ ಕುಡಿಯಲು ಹೊರಗೆ ಹೋದ ಹತ್ತು ನಿಮಿಷದಲ್ಲಿ ಇವತ್ತೂ ಅವನ ಗಿಟಾರಿನ ಬಿರಡೆಗಳನ್ನು ತಿರುವಿಟ್ಟೆ. ಡ್ರಮ್ಮಿನವನು ಬಾಗಿಲಲ್ಲಿ ಕಾವಲು ನಿಂತಿದ್ದ. ಕೀಬೋರ್ಡ್ ನುಡಿಸುವ ಮೇಷ್ಟ್ರು ಶ್ರುತಿ ತೋರಿಸುವ ಪುಟ್ಟ ಯಂತ್ರ ಹಿಡಿದು, ಹಸಿರು ದೀಪ ಹತ್ತಿದಾಗಲೆಲ್ಲ ತಲೆಯಾಡಿಸುತ್ತಿದ್ದರು. ಅರವತ್ತರ ಆಸುಪಾಸಿನ ಮೂವರು, ಪರೀಕ್ಷೆಯಲ್ಲಿ ನಕಲು ಹೊಡೆಯುವ ಮಕ್ಕಳ ಹಾಗೆ.

ಬರೆದಿಡುತ್ತೇನೆ. ಮೂವತ್ತು ವರ್ಷ ಗ್ರಂಥಾಲಯದಲ್ಲಿ ಪುಸ್ತಕಗಳ ಸೂಚಿ ಬರೆದವಳು ನಾನು. ಬರೆಯದೆ ಬಿಟ್ಟದ್ದು ಕಳೆದುಹೋದಂತೆಯೇ ಎಂದು ಬಲ್ಲೆ.

ನಮ್ಮ ತಂಡದಲ್ಲಿ ಮೊದಲ ದಿನದಿಂದ ಒಂದು ಪದ್ಧತಿಯಿದೆ. ಅಣ್ಣ ತನ್ನ ಐದನೇ ತಂತಿಯನ್ನು ಬರೀ ಕಿವಿಯಿಂದ ಶ್ರುತಿ ಮಾಡಿಕೊಳ್ಳುತ್ತಾನೆ, ಬೇಸ್ ಗಿಟಾರಿನ ನಾನೂ ಸೇರಿ ನಾವೆಲ್ಲ ಆ ತಂತಿಗೆ ಕೂಡಿಕೊಳ್ಳುತ್ತೇವೆ. ಯಂತ್ರವನ್ನು ಅವನು ಹತ್ತಿರ ಸೇರಿಸಿದವನಲ್ಲ. ಸೇರಿಸುವ ಅಗತ್ಯವೂ ಇರಲಿಲ್ಲ. ಮೇಲಿನ ಮಹಡಿಯಲ್ಲಿ ಪಾತ್ರೆ ಉರುಳಿದರೆ ಅದು ಯಾವ ಸ್ವರವೆಂದು ಹೇಳಿ, ಗಿಟಾರಿನಲ್ಲಿ ಮೀಟಿ ತೋರಿಸುತ್ತಿದ್ದ. ನಾವು ಮೆಟ್ಟಿಲು ಹತ್ತಿ ಹೋಗಿ ಪಾತ್ರೆ ಬಡಿದು ನೋಡಿದ್ದೂ ಉಂಟು.

ನಾಲ್ಕು ವರ್ಷದ ಹಿಂದೆ ಆ ತಂತಿ ಇಳಿಯತೊಡಗಿತು. ಮೂರು ದಶಕ ಆಂಪ್ಲಿಫೈಯರಿನ ಮುಂದೆ ಎಡಗಿವಿ ಒಡ್ಡಿ ನಿಂತವನಿಗೆ ಇನ್ನೇನಾಗಬೇಕು? ಮೊದಮೊದಲು ಕಷ್ಟವಾಗಲಿಲ್ಲ. ಅವನು ಎಷ್ಟು ಇಳಿದನೋ ನಾವೂ ಅಷ್ಟೇ ಇಳಿದೆವು. ಮೇಷ್ಟ್ರು ಕೀಬೋರ್ಡಿನ ಗುಂಡಿ ತಿರುಗಿಸಿ ಸರಿಮಾಡಿಕೊಂಡರು. ತಂಡಕ್ಕೆ ತಂಡವೇ ತಪ್ಪಿದರೆ ಕೇಳುವವರಿಗೆ ತಪ್ಪು ಎಲ್ಲಿ ಗೊತ್ತಾಗುತ್ತದೆ? ಆದರೆ ಆರು ತಿಂಗಳಿಂದ ಅವನ ಆರು ತಂತಿಗಳೂ ಒಂದರೊಡನೊಂದು ಮಾತು ಬಿಟ್ಟಿವೆ. ಒಂದೊಂದು ಸ್ವರ ಅವನಿಗೆ ಒಂದೊಂದು ಬಗೆಯಲ್ಲಿ ಕೇಳುತ್ತಿರಬೇಕು. ಅದಕ್ಕೇ ಟೀ ಹೊತ್ತಿನ ಈ ಕಳ್ಳತನ.

ಹೇಳಿದರೆ ಗಿಟಾರ್ ಕೆಳಗಿಡುತ್ತಾನೆ. ಮತ್ತೆ ಎತ್ತುವುದಿಲ್ಲ. ಅವನನ್ನು ನಾನು ಬಲ್ಲೆ.

ಜನವರಿ 12, ಬುಧವಾರ

ನಗರಸಭೆಯ ಕಾಗದ ಬಂತು. ಹಳೆಯ ಸಭಾಂಗಣವನ್ನು ಕೆಡವಿ ಕಾರು ನಿಲ್ಲಿಸುವ ಕಟ್ಟಡ ಕಟ್ಟುತ್ತಾರಂತೆ. ಅಲ್ಲಿಯ ಕೊನೆಯ ಕಾರ್ಯಕ್ರಮ ನಮ್ಮದು, ಮಾರ್ಚ್ 20ಕ್ಕೆ. ತಂಡಕ್ಕೆ ಮೂವತ್ತೈದು ತುಂಬಿದ್ದಕ್ಕೆ ಸನ್ಮಾನವೂ ಸೇರಿದೆಯಂತೆ. ಬಲಿ ಕೊಡುವ ಕುರಿಗೆ ಹಾರ ಹಾಕಿದಂತೆ ಕಟ್ಟಡಕ್ಕೂ ಒಂದು ಸಂಗೀತ. ಕೆಡವಬೇಡಿ ಎಂದು ಇಷ್ಟು ದಿನ ನಾನು ಪತ್ರಿಕೆಗೆ ಬರೆದ ಕಾಗದಗಳು ಹನ್ನೊಂದು, ಅಚ್ಚಾದದ್ದು ಎರಡು.

ಅದೇ ಪತ್ರಿಕೆ ಇವತ್ತು ನಮ್ಮನ್ನು ‘ನಗರದ ಹೆಮ್ಮೆ’ ಎಂದು ಬರೆದಿದೆ. ಇಪ್ಪತ್ತೆಂಟು ವರ್ಷದ ಹಿಂದೆ ‘ಗದ್ದಲದ ಗುಂಪು’ ಎಂದಿತ್ತು. ಮೂರನೇ ಪುಟ, ಎಡಗಡೆ, ಕೆಳಗೆ. ಅವರು ಮರೆತಿರಬಹುದು, ನಾನು ಮರೆತಿಲ್ಲ. ದೊಡ್ಡ ಕಂಪನಿಯವರು ಬಂದು, ಅಣ್ಣ ಒಬ್ಬನೇ ಬಂದರೆ ರಾಜನ ಹಾಗೆ ಇಟ್ಟುಕೊಳ್ಳುತ್ತೇವೆ ಎಂದಾಗ, ತಂಗಿಯ ತಪ್ಪುಗಳಿಲ್ಲದೆ ತನಗೆ ನುಡಿಸಲು ಬರುವುದಿಲ್ಲ ಎಂದು ಅವನು ಕಳಿಸಿಬಿಟ್ಟದ್ದನ್ನು ಮಾತ್ರ ಯಾವ ಪತ್ರಿಕೆಯೂ ಬರೆಯಲಿಲ್ಲ. ಸೈಕಲ್ ಅಂಗಡಿಯ ಹಿಂದಿನ ಕೋಣೆಯಿಂದ ಹೊರಟು ಐದು ಆಲ್ಬಂ ಮಾಡಿದೆವು. ಜನರ ಬಾಯಲ್ಲಿ ಉಳಿದದ್ದು ಒಂದೇ ಹಾಡು, ಅದೂ ಟಯರಿನ ಜಾಹೀರಾತಿನಿಂದ.

ಅಣ್ಣನಿಗೆ ಒಂದೇ ಹಟ. ನಮ್ಮ ಒಂದೇ ಒಂದು ನಿಧಾನದ ಹಾಡನ್ನು ಸಭಾಂಗಣದ ದೊಡ್ಡ ಪಿಯಾನೋ ಜೊತೆ ನುಡಿಸಬೇಕಂತೆ, ಮೊದಲ ಸಲ ನುಡಿಸಿದ ಹಾಗೆ.

ಸಂಜೆ ಮೇಷ್ಟ್ರ ಫೋನು. “ಪಿಯಾನೋಗೆ ಶ್ರುತಿ ಇಳಿಸೋ ಗುಂಡಿ ಇಲ್ಲ ಕಣಮ್ಮ. ಅವತ್ತು ಟೀ ಬಿಡುವೂ ಇರಲ್ಲ, ಎಲ್ಲಾ ಬಯಲಾಗುತ್ತೆ.”

ಅವರು ಶಾಲೆಯಲ್ಲಿ ರೇಖಾಗಣಿತ ಹೇಳಿಕೊಟ್ಟವರು. ಎರಡು ಗೆರೆ ಎಲ್ಲಿ ಸೇರುತ್ತವೆಂದು ಮೊದಲೇ ಕಂಡುಬಿಡುತ್ತದೆ.

ಜನವರಿ 23, ಭಾನುವಾರ

ಇವತ್ತು ಟೀ ಕುಡಿದು ಬಂದ ಅಣ್ಣ ಗಿಟಾರ್ ಎತ್ತಿ ಒಂದು ಸಲ ಮೀಟಿ, ಕೆಳಗಿಟ್ಟ. ಇದು ಮೂರನೇ ವಾರ ಎಂದ. ತಾನು ಕೂಡಿಸಿಟ್ಟು ಹೋದ ಶ್ರುತಿ ಟೀ ಕುಡಿದು ಬರುವಷ್ಟರಲ್ಲಿ ಜಾರಿರುತ್ತದೆ, ಮರ ಬಾಗಿರಬೇಕು, ಇದಕ್ಕೂ ವಯಸ್ಸಾಯಿತು ಎಂದು ಗಿಟಾರಿನ ಕತ್ತನ್ನು ಕಣ್ಣಿನ ಮಟ್ಟಕ್ಕೆ ಎತ್ತಿ, ಬಂದೂಕಿನ ಗುರಿ ನೋಡುವವರ ಹಾಗೆ ಉದ್ದಕ್ಕೂ ನೋಡಿದ.

ನಾನು ಸರಿಮಾಡಿದ್ದು ಅವನ ಕಿವಿಗೆ ಕೆಟ್ಟದ್ದಾಗಿ ಕೇಳುತ್ತದೆ. ಇಷ್ಟು ಸರಳವಾದದ್ದು ಆರು ತಿಂಗಳಿಂದ ನನ್ನ ತಲೆಗೆ ಹೊಳೆದೇ ಇರಲಿಲ್ಲ.

ಅವನು ಹೋದ ಮೇಲೆ ಡ್ರಮ್ಮಿನವನು, “ಕುಣಿಯಲಾರದವಳು ನೆಲ ಡೊಂಕು ಅಂದ್ಲಂತೆ” ಎಂದ. ಕೈಗೆ ಸಿಕ್ಕ ಕೇಬಲ್ಲಿನ ಸುರುಳಿಯನ್ನು ಅವನ ಮೇಲೆ ಎಸೆದೆ. ತಮಾಷೆಗೆ ಅಂದೆ ಅಕ್ಕ ಎಂದ. ಇವನ ಮದುವೆಗೆ ಮನೆಯವರು ಒಪ್ಪದಿದ್ದಾಗ ಹುಡುಗಿಯ ಅಪ್ಪನ ಎದುರು ಕೂತು ಮೂರು ಗಂಟೆ ಮಾತಾಡಿದವನು ಅಣ್ಣ. ಜನರ ನೆನಪಿಗೆ ಆಯಸ್ಸೇ ಇಲ್ಲ.

ಜನವರಿ 27, ಗುರುವಾರ

ರಿಪೇರಿ ಅಂಗಡಿಗೆ ಅಣ್ಣನ ಜೊತೆ ನಾನೂ ಹೋದೆ. ಅಂಗಡಿಯವರು ಉಕ್ಕಿನ ಪಟ್ಟಿಯನ್ನು ಕತ್ತಿನ ಮೇಲಿಟ್ಟು ಬೆಳಕಿಗೆ ಹಿಡಿದರು. ಪಟ್ಟಿಗೂ ಮರಕ್ಕೂ ನಡುವೆ ಒಂದು ಕೂದಲೂ ತೂರುವಂತಿರಲಿಲ್ಲ. ಕತ್ತು ನೆಟ್ಟಗಿದೆ ಎಂದರು. ಅಣ್ಣ ಒಪ್ಪಲಿಲ್ಲ. ತಾನೇ ತಂತಿ ಕೂಡಿಸಿ ಮೀಟಿ, “ಈಗ ಕೇಳಿ, ಇದು ಸರಿ. ಹನ್ನೆರಡನೇ ಮನೇಲಿ ಒತ್ತಿದ್ರೆ ನೋಡಿ, ಎಲ್ಲೋ ಹೋಗುತ್ತೆ” ಎಂದ.

ಅಂಗಡಿಯವರು ನನ್ನ ಮುಖ ನೋಡಿದರು. ಅವರಿಗೆ ಆ ಕ್ಷಣವೇ ಗೊತ್ತಾಯಿತು. ನಾನು ಗೋಡೆಗೆ ತೂಗುಹಾಕಿದ್ದ ತಂತಿಯ ಪೊಟ್ಟಣಗಳನ್ನು ಓದತೊಡಗಿದೆ. ನೀವಾದರೂ ಹೇಳಿ ಎಂದು ಅವರು ಮೆಲ್ಲಗೆ ಅಂದದ್ದು ಕೇಳಿಸಿತು. ಕೇಳಿಸದ ಹಾಗೆ ಇದ್ದೆ. ಅದನ್ನು ಅಣ್ಣನಿಂದ ಕಲಿಯಬೇಕಾಗಿರಲಿಲ್ಲ.

ಮನೆಗಳನ್ನು ಬೇರೆ ಮಾಡುವ ಹಳೆಯ ಲೋಹದ ಗೆರೆಗಳನ್ನು, ಅಂದರೆ ಫ್ರೆಟ್ಟುಗಳನ್ನೆಲ್ಲ ಕೀಳಿಸಿ, ಮರ ಉಜ್ಜಿಸಿ, ಹೊಸದಾಗಿ ಕೂರಿಸುವುದೆಂದು ತೀರ್ಮಾನವಾಯಿತು. ತಾನೇ ಪಕ್ಕದಲ್ಲಿ ಕೂತು ಜಾಗ ತೋರಿಸುತ್ತೇನೆ ಎಂದಿದ್ದಾನೆ.

ಬೆನ್ನೆಲುಬಿರುವ ಕಸುಬಿನವನಾಗಿದ್ದರೆ ಈ ಕೆಲಸ ಮಾಡುವುದಿಲ್ಲ ಎಂದುಬಿಡುತ್ತಿದ್ದ. ಈ ಊರಿನಲ್ಲಿ ಯಾರಿಗೂ ಇಲ್ಲವೆನ್ನುವ ಧೈರ್ಯವಿಲ್ಲ.

ಫೆಬ್ರವರಿ 8, ಮಂಗಳವಾರ

ಅತ್ತಿಗೆ ಬಂದಿದ್ದರು. ಅಣ್ಣ ದಿನವಿಡೀ ಅಂಗಡಿಯಲ್ಲಿ ಕೂತಿರುತ್ತಾನಂತೆ. ಊಟಕ್ಕೂ ಬರುವುದಿಲ್ಲ. ಬಂದರೆ ಅದೇ ಮಾತು: ಪಾಪ, ಎಷ್ಟು ವರ್ಷ ದುಡಿಯಿತು, ಕೊನೆಗೆ ನಾನು ಗಮನ ಕೊಡಲಿಲ್ಲ.

ಅತ್ತಿಗೆಗೆ ಎಲ್ಲ ಗೊತ್ತು. ಸ್ನಾನದ ಮನೆಯಲ್ಲಿ ಅವನು ಹಾಡುವುದು ಬೇರೆಯಾದ ದಿನವೇ ಗೊತ್ತಾಗಿತ್ತಂತೆ. ಬರೀ ತಪಾಸಣೆ ಎಂದು ಹೇಳಿ ವೈದ್ಯರಲ್ಲಿಗೂ ಹೊರಡಿಸಿದ್ದರು. ಆ ಮಹಾಶಯ ವಯಸ್ಸಿನ ಸಹಜ ಲಕ್ಷಣ ಎಂದು ಚೀಟಿಯಲ್ಲಿ ಬರೆದು ಕಳಿಸಿದರು. ಗೋಡೆಗಡಿಯಾರ ಕೇಳಿಸದಿದ್ದರೆ ಅದು ಸಹಜ. ಅಣ್ಣನಿಗೆ ಗಡಿಯಾರ ಚೆನ್ನಾಗಿಯೇ ಕೇಳುತ್ತದೆ, ಸ್ವರ ಬೇರೆಯಾಗಿ ಕೇಳುತ್ತದೆ. ಆ ವ್ಯತ್ಯಾಸ ಕೇಳುವ ವ್ಯವಧಾನ ಅವರಿಗಿರಲಿಲ್ಲ.

ನೀವೇ ಹೇಳಬಹುದಿತ್ತಲ್ಲ ಎಂದೆ. ಸ್ವಲ್ಪ ಗಟ್ಟಿಯಾಗಿಯೇ.

“ನಾನು ಹೇಳಿದ್ರೆ ಹೆಂಡತಿ ಹೇಳಿದ ಹಾಗೆ. ನೀನು ಹೇಳಿದ್ರೆ ತಂಡ ಹೇಳಿದ ಹಾಗೆ. ನಿಮ್ಮಣ್ಣ ಯಾರ ಮಾತು ಕೇಳ್ತಾರೆ ಅಂತ ನಿಂಗೊತ್ತಿಲ್ವಾ?”

ಅವರು ಹೋದ ಮೇಲೆ ಲೋಟ ತೊಳೆದೆ. ತೊಳೆದದ್ದನ್ನೇ ಮತ್ತೆ ತೊಳೆದೆ.

ಫೆಬ್ರವರಿ 15, ಮಂಗಳವಾರ

ಗಿಟಾರ್ ಮನೆಗೆ ಬಂತು. ಅಣ್ಣ ನನ್ನನ್ನು ಕರೆಸಿ, ಕುರ್ಚಿ ಎಳೆದು ಕೂರಿಸಿ ನುಡಿಸಿದ. ಕಣ್ಣು ಮುಚ್ಚಿಕೊಂಡು, ಮುಗುಳ್ನಗುತ್ತ. ಎಷ್ಟೋ ತಿಂಗಳ ಮೇಲೆ ಆ ಮುಖ ನೋಡಿದೆ. ಫ್ರೆಟ್ಟುಗಳೆಲ್ಲ ಅವನ ಕಿವಿ ಹೇಳಿದ ಜಾಗಕ್ಕೆ ಹೋಗಿವೆ. ಇನ್ನು ಯಾವ ಬಿರಡೆ ತಿರುವಿದರೂ ಅದು ಸರಿಹೋಗುವುದಿಲ್ಲ.

ಹೇಗಿದೆ ಎಂದ. ಚೆನ್ನಾಗಿದೆ ಎಂದೆ.

ಫೆಬ್ರವರಿ 20, ಭಾನುವಾರ

ಬೆಳಿಗ್ಗೆ ಸಭಾಂಗಣದಲ್ಲಿ ತಾಲೀಮು. ಪಿಯಾನೋ ಶ್ರುತಿ ಮಾಡುವ ಹೆಂಗಸು ಏಳು ಗಂಟೆಗೇ ಬಂದು ಕೆಲಸ ಮುಗಿಸಿ, ಉಪಕರಣಗಳನ್ನು ಬಟ್ಟೆಯಲ್ಲಿ ಸುತ್ತಿಡುತ್ತಿದ್ದಳು. ನನ್ನ ವಯಸ್ಸಿನವಳು. ಎರಡು ದಶಕದಿಂದ ಅದೊಂದೇ ಪಿಯಾನೋವನ್ನು ನೋಡಿಕೊಂಡವಳು. ಅದು ಮುಂದಿನ ತಿಂಗಳು ಎಲ್ಲಿಗೆ ಹೋಗುತ್ತದೆಂದು ಅವಳಿಗೆ ಯಾರೂ ಹೇಳಿರಲಿಲ್ಲ.

ಮೇಷ್ಟ್ರು ಪಿಯಾನೋಗೆ ಕೂತರು. ನಿಧಾನದ ಹಾಡು. ಅಣ್ಣ ನಾಲ್ಕನೇ ಸಾಲಿಗೆ ನಿಲ್ಲಿಸಿದ. ಪಿಯಾನೋ ತಪ್ಪಿದೆ ಎಂದ. ಆ ಹೆಂಗಸು ವಿನಯದಿಂದಲೇ, ಈಗ ತಾನೇ ಮಾಡಿದ್ದೇನೆ ಎಂದಳು. ಹಾಗಾದರೆ ಮಾಡಲು ಬರುವುದಿಲ್ಲ ಎಂದಾಯಿತು ಎಂದ ಅಣ್ಣ. ಅವಳು ಶ್ರುತಿಕವೆಯನ್ನು ಮಂಡಿಗೆ ತಟ್ಟಿ, ಅದರ ಕಾಲನ್ನು ಪಿಯಾನೋದ ಮರಕ್ಕೆ ಒತ್ತಿ ಹಿಡಿದಳು. ಸಭಾಂಗಣವಿಡೀ ಆ ಒಂದು ಸ್ವರ ಸ್ವಚ್ಛವಾಗಿ ನಿಂತಿತು. ಅಣ್ಣ ತಲೆ ವಾರೆಮಾಡಿ ಕೇಳಿ, ನಿಮ್ಮ ಕವೆಯೇ ಕೆಟ್ಟಿದೆ ಎಂದ.

ಕೆಲಸದವರು, ದೀಪದವರು, ನಗರಸಭೆಯ ಗುಮಾಸ್ತ, ಎಲ್ಲರೂ ನೋಡುತ್ತಿದ್ದರು. ಅವಳು ಉಪಕರಣಗಳ ಸುತ್ತು ಬಿಚ್ಚಿ, ಸರಿಯಿದ್ದದ್ದನ್ನು ಮತ್ತೆ ಮಾಡಲು ಪಿಯಾನೋದ ಮುಚ್ಚಳ ಎತ್ತಿದಳು. ಅವಳ ಕಿವಿ ಕೆಂಪಾಗಿತ್ತು.

ಅಣ್ಣನನ್ನು ಹೊರಗೆ ಮೆಟ್ಟಿಲಿಗೆ ಕರೆದುಕೊಂಡು ಬಂದೆ. ಬಿಸಿಲು ಚುರುಗುಟ್ಟುತ್ತಿತ್ತು. ಏನೇ ಪುಟ್ಟಿ ಎಂದ. ಐವತ್ತೇಳು ವರ್ಷದವಳನ್ನು ಹಾಗೆ ಕರೆಯುವವನು ಜಗತ್ತಿನಲ್ಲಿ ಅವನೊಬ್ಬನೇ.

“ಗಿಟಾರ್‌ಗೆ ಏನೂ ಆಗಿರಲಿಲ್ಲ ಅಣ್ಣ. ನೀನು ಟೀಗೆ ಹೋದಾಗ ತಿರುವ್ತಿದ್ದಿದ್ದು ನಾನು.”

ಅವನು ಅರ್ಥವಾಗದೆ ನಕ್ಕ. ಯಾಕೆ ಎಂದ. ಹೇಳಿದೆ. ನಾಲ್ಕು ವರ್ಷದ್ದನ್ನೂ ಹೇಳಿದೆ. ಯಾರ್‍ಯಾರಿಗೆ ಗೊತ್ತು ಎಂದು ಕೇಳಿದ. ಅದನ್ನೂ ಹೇಳಿದೆ. ಅತ್ತಿಗೆಯ ಹೆಸರು ಬಂದಾಗ ಒಂದು ಮೆಟ್ಟಿಲು ಕೆಳಗಿಳಿದು ಕೂತುಕೊಂಡ.

ಕೂಗಾಡುತ್ತಾನೆ ಎಂದುಕೊಂಡಿದ್ದೆ. ಬೀದಿಯ ಕಡೆ ತಿರುಗಿಯೇ ಮಾತಾಡಿದ.

“ಮೂವತ್ತೈದು ವರ್ಷ ನಿಮ್ಮನ್ನೆಲ್ಲ ಬೈದಿದ್ದೀನಿ ಕಣೇ. ಒಂದು ಸ್ವರ ತಪ್ಪಿದ್ರೆ ಬಿಟ್ಟಿಲ್ಲ. ಒಂದ್ಸಲ, ಒಂದೇ ಒಂದ್ಸಲ ನನ್ನ ಬೈಯೋಕೆ ನಿಮಗೆ ಬಾಯಿ ಬರ್ಲಿಲ್ವಾ?”

ನಿನಗೆ ನೋವಾಗುತ್ತದೆ ಅಂತ ಎಂದೆ.

“ತಂಡದಲ್ಲಿ ಇದ್ದೋನಿಗೆ ಬೈತಾರೆ. ಪಾಪ ಅನ್ನಲ್ಲ.”

ಆಮೇಲೆ ಎದ್ದು ಒಳಗೆ ಹೋದ. ಆ ಹೆಂಗಸಿನ ಮುಂದೆ ನಿಂತು, ತಪ್ಪು ನನ್ನದು, ನಿಮ್ಮ ಪಿಯಾನೋ ಸರಿಯಾಗಿದೆ ಎಂದ. ಎಲ್ಲರೆದುರು, ಎಲ್ಲರಿಗೂ ಕೇಳುವಂತೆ. ಗಿಟಾರನ್ನು ಚೀಲಕ್ಕೆ ಹಾಕಿಕೊಂಡು ಒಬ್ಬನೇ ಮನೆಗೆ ನಡೆದ.

ಫೆಬ್ರವರಿ 21, ಸೋಮವಾರ

ರಿಪೇರಿ ಅಂಗಡಿಯವರದ್ದು ತಪ್ಪಲ್ಲ. ವೈದ್ಯರದ್ದೂ ಅಷ್ಟಾಗಿ ಅಲ್ಲ.

ಮಾರ್ಚ್ 6, ಭಾನುವಾರ

ತಾಲೀಮಿಲ್ಲ. ಎರಡು ವಾರದಿಂದ ಅಣ್ಣ ಯಾರೊಡನೆಯೂ ಮಾತಾಡಿಲ್ಲ. ಮೇಷ್ಟ್ರು ಹೋಗಿ ಬಾಗಿಲು ತಟ್ಟಿ ವಾಪಸಾದರು. ಡ್ರಮ್ಮಿನವನು ಕಿಟಕಿಯ ಕೆಳಗೆ ಒಂದು ಗಂಟೆ ನಿಂತು ಬಂದನಂತೆ. “ನಂದೇನಿದೆ ಅಕ್ಕ, ಡ್ರಮ್ಮಿಗೆ ಶ್ರುತಿ ತಪ್ಪಿದ್ರೆ ಯಾರಿಗೆ ಗೊತ್ತಾಗುತ್ತೆ. ನನ್ನಾದ್ರೂ ಒಳಗೆ ಬಿಡಬಹುದಿತ್ತು” ಎಂದ. ನಗಿಸಲು ಹೇಳಿದ. ಹೇಳಿ ತಾನೇ ಕಣ್ಣೊರೆಸಿಕೊಂಡ.

ಕಾರ್ಯಕ್ರಮ ರದ್ದು ಮಾಡಲು ನಗರಸಭೆಗೆ ಬರೆಯಬೇಕು. ಕಾಗದ ತೆಗೆದು ಕೂತೆ. ಬರೆಯಲು ಬರಲಿಲ್ಲ.

ಮಾರ್ಚ್ 13, ಭಾನುವಾರ

ಬಂದ. ತಡವಾಗಿ, ಬರಿಗೈಯಲ್ಲಿ. ಅವನ ಗಿಟಾರ್ ಇನ್ನು ಯಾರ ಜೊತೆಗೂ ಕೂಡುವುದಿಲ್ಲವಲ್ಲ. ರಿಪೇರಿ ಅಂಗಡಿಯವರೇ ತಮ್ಮದೊಂದನ್ನು ತಂದುಕೊಟ್ಟರು.

ಮೇಷ್ಟ್ರ ಕೈಯಿಂದ ಯಂತ್ರ ಇಸಕೊಂಡು, ಕನ್ನಡಕ ಏರಿಸಿ, ದೀಪ ನೋಡಿ ನೋಡಿ ಒಂದೊಂದೇ ತಂತಿ ಕೂಡಿಸಿದ. ಹಸಿರು ದೀಪ ಹತ್ತಿದಾಗಲೆಲ್ಲ ಅವನ ಮುಖ ಗಂಟಿಕ್ಕುತ್ತಿತ್ತು. ಅವನಿಗೆ ಆಗ ಕೇಳಿದ್ದು ಏನೋ, ದೇವರೇ ಬಲ್ಲ.

ನುಡಿಸಿದ. ಬೆರಳುಗಳಿಗೆ ಎಲ್ಲ ನೆನಪಿದೆ. ಒಂದು ಸ್ವರವೂ ತಪ್ಪಲಿಲ್ಲ. ಮುಗಿದ ಮೇಲೆ ನಾವು ಎಂದಿನಂತೆ ಬೈಗುಳಕ್ಕೆ ಕಾದು ಕೂತೆವು. ಮೊದಲು ಡ್ರಮ್ಮು, ಆಮೇಲೆ ಮೇಷ್ಟ್ರು, ಕೊನೆಗೆ ನಾನು, ಅದು ಕ್ರಮ. ಅವನು ಗಿಟಾರ್ ಒರೆಸುತ್ತ ಇದ್ದ. ಕೂತೇ ಇದ್ದೆವು. ಕೊನೆಗೆ ನಾನೇ ಡ್ರಮ್ಮಿನವನಿಗೆ ಎರಡನೇ ಹಾಡಿನಲ್ಲಿ ಓಡುತ್ತಿದ್ದೀಯಾ, ಹಿಡಿದು ನುಡಿಸು ಎಂದೆ. ಆಯ್ತು ಎಂದ. ಯಾರಾದರೂ ಹೇಳಬೇಕಿತ್ತಲ್ಲ.

ಮಾರ್ಚ್ 20, ಭಾನುವಾರ

ಮುಗಿಯಿತು.

ಸಂಜೆ ಐದಕ್ಕೆ ಶುರು. ಸಭಾಂಗಣ ತುಂಬಿ ಗೋಡೆಗೂ ಜನ ಒರಗಿದ್ದರು. ಸನ್ಮಾನದ ಭಾಷಣದಲ್ಲಿ ನಗರಸಭೆಯವರು ತಂಡ ಹುಟ್ಟಿದ ವರ್ಷವನ್ನೇ ತಪ್ಪು ಹೇಳಿದರು. ತಿದ್ದಬೇಕು ಎನ್ನಿಸಲಿಲ್ಲ.

ಹನ್ನೆರಡು ಹಾಡು. ನಾನು ಅವನ ಎಡಕ್ಕೆ, ಎಂದಿನ ಜಾಗದಲ್ಲಿ. ಒಂದೂವರೆ ಗಂಟೆ ಅವನು ತನಗೆ ಪೂರ್ತಿ ತಪ್ಪಾಗಿ ಕೇಳುವ ಸಂಗೀತವನ್ನು ಪೂರ್ತಿ ಸರಿಯಾಗಿ ನುಡಿಸಿದ. ಕಿವಿ ಬೇಡವೆನ್ನುವ ಕಡೆಗೆ ಬೆರಳಿಡುತ್ತ, ಪ್ರತಿ ಸ್ವರಕ್ಕೂ. ನನ್ನ ಕೈಯಿಂದ ಅದು ಆಗುತ್ತಿರಲಿಲ್ಲ. ಜನಕ್ಕೆ ಅವನು ನಗುತ್ತಿದ್ದ ಹಾಗೆ ಕಂಡಿರಬೇಕು. ಹತ್ತಿರದಿಂದ ಅದು ಹಲ್ಲು ಕಚ್ಚಿಕೊಂಡದ್ದು.

ನಿಧಾನದ ಹಾಡಿಗೆ ಮೇಷ್ಟ್ರು ಪಿಯಾನೋಗೆ ಹೋದರು. ಶ್ರುತಿ ಮಾಡುವ ಹೆಂಗಸು ಮೊದಲ ಸಾಲಿನಲ್ಲಿದ್ದಳು. ಅಣ್ಣ ಅವಳಿಗೆ ತಲೆಬಾಗಿ ಶುರು ಮಾಡಿದ. ಪಿಯಾನೋ ಮತ್ತು ಗಿಟಾರ್ ಒಂದಕ್ಕೊಂದು ಹಾಲು ಜೇನಿನ ಹಾಗೆ ಸೇರಿದವು. ಅಷ್ಟು ಚೆನ್ನಾಗಿ ನಾವು ಆ ಹಾಡನ್ನು ಯಾವತ್ತೂ ನುಡಿಸಿರಲಿಲ್ಲ. ಜನ ಎದ್ದು ನಿಂತರು. ಸಭಾಂಗಣದಲ್ಲಿ ಅದನ್ನು ಕೇಳದೆ ಉಳಿದವನು ಒಬ್ಬನೇ.

ಚಪ್ಪಾಳೆಯ ನಡುವೆ ನನ್ನ ಕಡೆ ಬಾಗಿ, “ಕೂಡ್ತಾ?” ಎಂದ.

ಕೂಡಿತು ಅಣ್ಣ ಎಂದೆ. ಇದು ನಿಜ, ಇದು ಸುಳ್ಳಲ್ಲ ಎಂದು ಹೇಗೆ ತಿಳಿಸುವುದು? ನಾಲ್ಕು ವರ್ಷದಿಂದ ಅದೇ ಮುಖ ಮಾಡಿಕೊಂಡು ಅದೇ ಮಾತು ಹೇಳಿದ್ದೇನೆ. ನನ್ನನ್ನು ಒಂದು ಕ್ಷಣ ನೋಡಿದ. ನಂಬಲಿಲ್ಲ.

ಮಾರ್ಚ್ 22, ಮಂಗಳವಾರ

ಪತ್ರಿಕೆಯಲ್ಲಿ ವಿಮರ್ಶೆ. ‘ನಾಯಕನ ಕೈಚಳಕ ಹಾಗೆಯೇ ಇದೆ, ಭಾವ ಕೊಂಚ ತಣ್ಣಗಾಗಿದೆ.’ ಬರೆದವನಿಗೆ ಉತ್ತರ ಬರೆಯಲು ಕೂತೆ. ಮೂರು ಹಾಳೆ ತುಂಬಿತು. ಓದಿ ನೋಡಿದೆ. ಹರಿದು ಹಾಕಿದೆ.

ಮಾರ್ಚ್ 27, ಭಾನುವಾರ

ತಾಲೀಮಿಗೆ ಅಣ್ಣ ಬರಲಿಲ್ಲ. ಬರುವುದಿಲ್ಲ ಎಂದು ಅತ್ತಿಗೆಯಿಂದ ಹೇಳಿ ಕಳಿಸಿದ್ದ. ಮೂವರೇ ನುಡಿಸಿದೆವು. ಮೇಷ್ಟ್ರು ಯಂತ್ರ ತೆಗೆದರು. ಬೇಡ ಎಂದು ನನ್ನ ಬೇಸ್ ಗಿಟಾರಿನಿಂದಲೇ ಸ್ವರ ಕೊಟ್ಟೆ. ಮೂರನೇ ಹಾಡಿನಲ್ಲಿ ಅವರು ಎರಡು ಕಡೆ ಎಡವಿದರು. ಹೇಳಿದೆ. ಮುಂದಿನ ವಾರದೊಳಗೆ ಸರಿಮಾಡಿಕೊಂಡು ಬರುತ್ತಾರಂತೆ. ಹೊಸ ಗಿಟಾರಿನವರನ್ನು ಹುಡುಕುವ ಮಾತೆತ್ತಿದ ಡ್ರಮ್ಮಿನವನಿಗೆ ಬಾಯಿ ಮುಚ್ಚಿಕೊಂಡು ಇರಲು ಹೇಳಿದೆ.

ಮಧ್ಯಾಹ್ನ ಅಣ್ಣನ ಮನೆಗೆ ಹೋದೆ. ಮೆಟ್ಟಿಲ ಮೇಲೇ ಕೇಳಿಸಿತು. ಅವನು ನುಡಿಸುತ್ತಿದ್ದ. ತನ್ನದೇ ಗಿಟಾರ್, ತನ್ನ ಕಿವಿಗೆ ತಕ್ಕಂತೆ ಮಾಡಿಸಿಕೊಂಡದ್ದು. ನಿಧಾನದ ಹಾಡು. ಯಾವ ಸ್ವರವೂ ಇನ್ನೊಂದರ ಪಕ್ಕದಲ್ಲಿ ಕೂರಲಾರದು. ಕೇಳಿದರೆ ಹಲ್ಲು ಚುಳ್ಳೆನ್ನುತ್ತದೆ. ಅತ್ತಿಗೆ ಬಾಗಿಲು ತೆರೆದು ಅಡುಗೆಮನೆಗೆ ಹೋದರು.

ಅವನು ಕಿಟಕಿಯ ಪಕ್ಕ ಮಂಚದ ಮೇಲೆ ಕೂತಿದ್ದ. ಕಣ್ಣು ಮುಚ್ಚಿತ್ತು. ಮುಖ ಸಭಾಂಗಣದಲ್ಲಿ ಇದ್ದಂತಿರಲಿಲ್ಲ, ಸಡಿಲವಾಗಿತ್ತು. ನಾನು ನೆಲದ ಮೇಲೆ ಕೂತೆ. ಪೂರ್ತಿ ಮುಗಿಸಿಯೇ ಕಣ್ಣು ಬಿಟ್ಟ. ನನ್ನನ್ನು ನೋಡಿ ಬೆಚ್ಚಲಿಲ್ಲ.

“ಹೇಗಿದೆ?”

“ಸರಿಯಿಲ್ಲ ಅಣ್ಣ.”

“ಎಲ್ಲಿ?”

“ಎಲ್ಲಾ ಕಡೆ.”

ತಲೆಯಾಡಿಸಿದ. ತಂತಿಯ ಮೇಲೆ ಮತ್ತೆ ಕೈಯಿಟ್ಟ.

“ನಂಗೆ ತುಂಬಾ ಚೆನ್ನಾಗಿ ಕೇಳಿಸ್ತು ಕಣೇ. ಇನ್ನೊಂದು ನುಡಿಸ್ಲಾ?”

ನುಡಿಸು ಎಂದೆ.